ಪದ ಬೇಕು: ‘ಮಾಡರೇಟ್ ಎಕ್ಸರ್‌ಸೈಜ್’, ಬಸುರಿಯರ ಬೋರ್ಡಿಗೆ

ಗೆಳೆಯರೇ,

ವಿಜಯನಗರದ ಹೆರಿಗೆ ಆಸ್ಪತ್ರೆಯೊಂದಕ್ಕೆ ಬೋರ್ಡ್ ಬರೆದುಕೊಡುತ್ತಿದ್ದೇನೆ. ನಾಳೆ ಹತ್ತು ಗಂಟೆಗೆ ಪೇಂಟರ್ ಬರುತ್ತಾರೆ. ವಿಷಯ ಇಷ್ಟೇ: ನಾರ್ವೆಯ ಸಂಶೋಧಕರು 814 ಕೂಸುಗಳ ಉಸಿರಾಟವನ್ನು ಅವಕ್ಕೆ ಮೂರು ತಿಂಗಳಾದಾಗ ಅಳೆದು 2021ರಲ್ಲಿ ಲೆಕ್ಕ ಕೊಟ್ಟರು. ಬಸಿರಲ್ಲಿ ವ್ಯಾಯಾಮ ಮಾಡದವರ ಮಕ್ಕಳಲ್ಲಿ ನೂರಕ್ಕೆ 8.6 ಮಕ್ಕಳ ಶ್ವಾಸಕೋಶ ತೀರಾ ಮಂದ. ಮಾಡಿದವರ ಮಕ್ಕಳಲ್ಲಿ 4.2. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150 ನಿಮಿಷ ‘ಮಾಡರೇಟ್’ ವ್ಯಾಯಾಮ. ‘ಮಧ್ಯಮ ತೀವ್ರತೆಯ’ ಅಂತ ಬರೆದು ಸಾಲಲ್ಲಿ ಕೂತಿದ್ದ ಒಬ್ಬರಿಗೆ ತೋರಿಸಿದೆ. ‘ಮಧ್ಯಾಹ್ನ ಮಾಡೋದಾ ಸರ್?’ ಅಂದರು.

ಮಲ್ಲೇಶ್ವರದಿಂದ:

‘ಹದವಾದ ವ್ಯಾಯಾಮ’. ಮುಗೀತು. ಹಳಗನ್ನಡದ ‘ಪದ’ವೇ ಹದವಾಯಿತು, ‘ಪಾಲ್’ ‘ಹಾಲು’ ಆದ ದಾರಿಯಲ್ಲೇ. ತಮಿಳಲ್ಲಿ ಪದಂ, ತೆಲುಗಲ್ಲಿ ಪದನು. ಸಂಸ್ಕೃತದ ‘ಪದ’ದ ಜೊತೆ ನೆಂಟಸ್ತಿಕೆ ಬೆಳೆಸಲು ಯಾರೂ ಬರಬೇಡಿ.

ಜಯನಗರದಿಂದ:

ಹದ ಮಣ್ಣಿಗೆ, ಪಾಕಕ್ಕೆ. ಪಾಕ ಎಳೆ ಬಂದರೆ ಒಲೆ ಆರಿಸ್ತೀವಿ. ನಡಿಗೆ ಹದಕ್ಕೆ ಬಂತು ಅಂತ ಬಸುರಿಗೆ ಹೇಗೆ ಗೊತ್ತಾಗಬೇಕು? ಡಾಕ್ಟರುಗಳ ಅಳತೆ ಇದೆಯಲ್ಲ: ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದನ್ನೇ ಬರೆಯಿರಿ. ಮತ್ತೆ, ‘ಮಗುವಿನ ಶ್ವಾಸಕೋಶ ಗಟ್ಟಿಯಾಗುತ್ತದೆ’ ಅಂತ ಮಾತ್ರ ಹಾಕಬೇಡಿ. ಆ ಲೆಕ್ಕ ತೋರಿಸಿದ್ದು ನಂಟು, ಕಾರಣ ಅಲ್ಲ.

ರಾಜಾಜಿನಗರದಿಂದ:

‘ಕಸರತ್ತು’ ಯಾರಿಗೂ ನೆನಪಾಗಲಿಲ್ಲವೇ?

ಮಲ್ಲೇಶ್ವರದಿಂದ:

ಅರಬ್ಬಿಯಿಂದ ಬಂದದ್ದು. ಬೇಡ. ಸಾಲದ್ದಕ್ಕೆ ಪೇಪರಿನವರು ಅದನ್ನು ಸರ್ಕಾರ ರಚನೆಗೆ ಮೀಸಲಿಟ್ಟಿದ್ದಾರೆ.

ರಾಜಾಜಿನಗರದಿಂದ:

ಜಿಲ್ಲೆ, ತಾಲೂಕು, ಅರ್ಜಿ ಎಲ್ಲಿಂದ ಬಂದವು ಸ್ವಾಮಿ? ಬೋರ್ಡಲ್ಲಿ ನೂರಕ್ಕೆ 60 ಪಾಲು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಂದರು. ಆ 60ರಲ್ಲಿ ಸಂಸ್ಕೃತ ಎಷ್ಟು ಅಂತ ಮೊದಲು ಎಣಿಸಿ. ‘ವ್ಯಾಯಾಮ’ ಏನು ಕೋಲಾರದಲ್ಲಿ ಹುಟ್ಟಿತೇ?

ಮಲ್ಲೇಶ್ವರದಿಂದ:

ನನಗೆ ‘ವ್ಯಾಯಾಮ’ವೂ ಬೇಡ. ಕೇಳಿದವರಿಗೆ ಅವಸರ ಅಂತ ಸುಮ್ನಿದ್ದೆ.

ವಿಜಯನಗರದಿಂದ, ಮರುದಿನ:

ಪೇಂಟರ್ ಬಂದು ಹೋದರು. ಕೊನೆಗೆ ಬರೆಸಿದ್ದು: ‘ಬಸುರಿಯರೇ, ಡಾಕ್ಟರ್ ಬೇಡ ಅನ್ನದಿದ್ದರೆ ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು.’ ಹದ ಬಿಟ್ಟೆ, ಮಲ್ಲೇಶ್ವರದವರು ಕ್ಷಮಿಸಬೇಕು. ಬಣ್ಣ ಆರುವ ಮೊದಲೇ ಆಯಾ ಓದಿದರು. ‘ಹಾಡೋಕೆ ನಂಗೆ ಕೂತಿದ್ರೂ ಆಗಲ್ಲ ಸರ್’ ಅಂದರು.