ಸಹಾಯ ಬೇಕು: ಗೋಡೆಯ ಬೂಷ್ಟು ಮರದ ಕಪಾಟಿಗೂ ಹತ್ತಿದೆ

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಹಳ್ಳಿಯಲ್ಲಿ ನಮ್ಮದು ಹಂಚಿನ ಮನೆ. ಜೂನ್‌ನಿಂದ ಬಿಸಿಲೇ ಸರಿಯಾಗಿ ಕಂಡಿಲ್ಲ. ಒಳಕೋಣೆಯ ಮರದ ಕಪಾಟಿನ ಬೆನ್ನಿಗೆ, ಅದರ ಹಿಂದಿನ ಮಣ್ಣಿನ ಗೋಡೆಗೆ, ಎರಡಕ್ಕೂ ಬೂಷ್ಟು ಹಿಡಿದಿದೆ. ಅಮ್ಮನ ರೇಷ್ಮೆ ಸೀರೆಗಳು ಅದೇ ಕಪಾಟಿನಲ್ಲಿವೆ. ಬಾಗಿಲು ತೆಗೆದರೆ ಮುಗ್ಗಲು ವಾಸನೆ. ತುಂಬಾ ಸಂಕಟವಾಗುತ್ತದೆ.

ಮೊದಲು ಒಣ ಬಟ್ಟೆಯಲ್ಲಿ ಒರೆಸಿದೆ. ಪುಡಿ ಹಾರಿ ಸೀನು ಜಾಸ್ತಿಯಾಯಿತು, ನಾಲ್ಕೇ ದಿನಕ್ಕೆ ಬೂಷ್ಟು ಮತ್ತೆ ಬಂತು. ಆಮೇಲೆ ಬಿಳಿ ವಿನೆಗರ್ ಹಚ್ಚಿ ಒಂದು ಗಂಟೆ ಬಿಟ್ಟು ಒರೆಸಿದೆ. ಮರದ ಮೇಲೆ ಪರವಾಗಿಲ್ಲ, ಎರಡು ವಾರ ತಡೆಯಿತು. ಗೋಡೆಗೆ ಹಚ್ಚಿದ್ದೇ ತಪ್ಪಾಯಿತು. ವಿನೆಗರ್ ಹುಳಿ ಅಲ್ವಾ, ಸುಣ್ಣ ನೊರೆ ಬಂದು ಕಿತ್ತುಕೊಂಡಿತು. ಪಕ್ಕದ ಮನೆ ಅಕ್ಕ ಬ್ಲೀಚಿಂಗ್ ಪೌಡರ್ ಹಾಕು ಅಂದರು. ಅದು ವಿನೆಗರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಕೋಣೆಗೆ ಇರುವುದು ಒಂದೇ ಸಣ್ಣ ಕಿಟಕಿ, ಹೆದರಿಕೆಯಾಗಿ ಮುಟ್ಟಿಲ್ಲ. ಕಪಾಟನ್ನು ಮಾತ್ರ ಗೋಡೆಯಿಂದ ಒಂದು ಗೇಣು ಈಚೆ ಎಳೆದಿದ್ದೇನೆ.

ಗೋಡೆ ಒಣಗದೆ ಕಪಾಟು ಎಷ್ಟು ಒರೆಸಿದರೂ ವ್ಯರ್ಥ ಅನಿಸುತ್ತಿದೆ. ಸುಣ್ಣ ಬಳಿದ ಮಣ್ಣಿನ ಗೋಡೆಗೆ ಈ ಮಳೆಯಲ್ಲೇ ಏನಾದರೂ ಹಚ್ಚಬಹುದಾ, ಅಥವಾ ದೀಪಾವಳಿ ಹೊತ್ತಿಗೆ ಒಣಗುವವರೆಗೆ ಕಾಯಲೇಬೇಕಾ? ಇಂಥ ಗೋಡೆ ಇರುವವರು ನೀವು ಏನು ಹಚ್ಚಿದಿರಿ, ದಯವಿಟ್ಟು ಹೇಳಿ.