11 ವರ್ಷ ಮ್ಯಾನುಯಲ್ ಟೆಸ್ಟಿಂಗ್ ಆಯ್ತು, ಈಗ ಯಾವ ಕಡೆ ತಿರುಗಲಿ? ಅನುಭವ ಇದ್ದವರು ಹೇಳಿ

ಕೇಳಿದವರು: ವಿಮೆ ಕ್ಲೇಮ್ ಸಾಫ್ಟ್‌ವೇರ್‌ಗೆ 11 ವರ್ಷದಿಂದ ಮ್ಯಾನುಯಲ್ ಟೆಸ್ಟಿಂಗ್ (ಪ್ರತಿ ಸ್ಕ್ರೀನ್ ಅನ್ನು ಕೈಯಾರೆ ಬಳಸಿ ತಪ್ಪು ಹುಡುಕುವುದು) ಮಾಡುತ್ತಿದ್ದೇನೆ. ಟೀಮ್‌ನಲ್ಲಿ 14 ಜನ ಇದ್ದೆವು, ಈಗ 5. ಏನೇನು ಪರೀಕ್ಷಿಸಬೇಕು ಎಂಬ ಟೆಸ್ಟ್ ಕೇಸ್‌ಗಳನ್ನು ಎಐ ಬರೆಯುತ್ತದೆ, ನಾವು ತಿದ್ದುತ್ತೇವೆ. ಆಟೊಮೇಷನ್ (ಸ್ಕ್ರಿಪ್ಟ್ ಬರೆದು ಟೆಸ್ಟ್ ತಾನೇ ಓಡುವಂತೆ ಮಾಡುವುದು) ಕಲಿಯಲಾ, ಡೇಟಾ ಕಡೆ ಹೋಗಲಾ, ಬಿಸಿನೆಸ್ ಅನಲಿಸ್ಟ್ (ಸಾಫ್ಟ್‌ವೇರ್ ಏನು ಮಾಡಬೇಕೆಂದು ಬಳಸುವವರಿಂದ ತಿಳಿದು ಬರೆದುಕೊಡುವವರು) ಆಗಲಾ? ದಾರಿ ಬದಲಿಸಿದವರು ಹೇಳಿ.

ಆಟೊಮೇಷನ್‌ಗೆ ಹೋದವನು: ಆಟೊಮೇಷನ್ ಕಲಿಯಿರಿ, ಬೇರೆ ಮಾತೇ ಇಲ್ಲ. ನಾನು 2018ರಲ್ಲಿ ಶುರು ಮಾಡಿದೆ. ದಿನಾ ಬೆಳಿಗ್ಗೆ 5ರಿಂದ 7, ಐದು ತಿಂಗಳು ಬರೀ ಜಾವಾ. ಆಮೇಲೆ ಸೆಲೆನಿಯಂ, ಅಂದರೆ ಸ್ಕ್ರಿಪ್ಟ್‌ನಿಂದ ಬ್ರೌಸರ್ ಓಡಿಸುವ ಟೂಲ್. 380 ಕೇಸ್‌ಗಳಿಗೆ ಸ್ಕ್ರಿಪ್ಟ್ ಬರೆದೆ. ಒಂದು ರಿಲೀಸ್‌ನಲ್ಲಿ ಸ್ಕ್ರೀನ್ ಬದಲಾಯಿತು, ಎಕ್ಸ್‌ಪಾತ್‌ಗಳೆಲ್ಲ (ಯಾವ ಬಟನ್ ಎಲ್ಲಿದೆ ಎಂದು ಸ್ಕ್ರಿಪ್ಟ್‌ಗೆ ಹೇಳುವ ವಿಳಾಸಗಳು) ಮುರಿದವು. ಒಂದೇ ರಾತ್ರಿ 140 ಫೇಲ್. ಮೂರು ವಾರ ಶನಿವಾರ, ಭಾನುವಾರ ನೋಡದೆ ಸರಿ ಮಾಡಿದೆ. 2022ರಲ್ಲಿ ಹೊಸ ಮ್ಯಾನೇಜರ್ ಬಂದು ಎಲ್ಲವನ್ನೂ ಪ್ಲೇರೈಟ್ ಎಂಬ ಬೇರೆ ಟೂಲ್‌ನಲ್ಲಿ ಬರೆಯಿರಿ ಎಂದರು. ನಾಲ್ಕು ವರ್ಷದ ಫ್ರೇಮ್‌ವರ್ಕ್ ಕಸಕ್ಕೆ ಹೋಯಿತು. ಮತ್ತೆ ಟೈಪ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೋಡ್ ಭಾಷೆ ಕಲಿತೆ. ಆ ಹೊಟ್ಟೆಉರಿ ಇನ್ನೂ ಆರಿಲ್ಲ. ಆದರೆ ನನ್ನ ಜೊತೆ ಸೇರಿದ ಟೆಸ್ಟರ್‌ಗಳಲ್ಲಿ ಕೆಲಸ ಉಳಿದಿರುವುದು ನನಗೊಬ್ಬನಿಗೇ.

ಫ್ಲ್ಯಾಶ್ ಕಾಲದವಳು: ಟೂಲ್ ಹಿಂದೆ ಓಡಬೇಡಿ. ಫ್ಲ್ಯಾಶ್ ಎಂದರೆ ಬ್ರೌಸರ್‌ನಲ್ಲಿ ಆನಿಮೇಷನ್, ಆಟ ಓಡಿಸುತ್ತಿದ್ದ ಅಡೋಬಿ ಕಂಪನಿಯ ತಂತ್ರಾಂಶ. ಅದರಲ್ಲಿ ಕಂಪ್ಯೂಟರ್ ಪಾಠಗಳನ್ನು ಮಾಡಲು ನಾನು 9 ವರ್ಷ ಅದರ ಕೋಡ್ ಭಾಷೆ ಆಕ್ಷನ್‌ಸ್ಕ್ರಿಪ್ಟ್ ಬರೆದವಳು. 2010ರಲ್ಲಿ ಐಫೋನ್‌ಗೆ ಫ್ಲ್ಯಾಶ್ ಬೇಡ ಎಂದು ಸ್ಟೀವ್ ಜಾಬ್ಸ್ ಬಹಿರಂಗ ಪತ್ರ ಬರೆದಾಗಲೇ ನಾನು ಏಳಬೇಕಿತ್ತು. 2017ರ ಜುಲೈನಲ್ಲಿ ಅಡೋಬಿಯವರೇ 2020ರ ಕೊನೆಗೆ ನಿಲ್ಲಿಸುತ್ತೇವೆ ಎಂದರು. ಇನ್ನೂ ಮೂರು ವರ್ಷ ಇದೆಯಲ್ಲ ಅಂದುಕೊಂಡೆ. ಆ ಮೂರು ವರ್ಷ ನಾನೇ ಮಾಡಿದ್ದ ಹಳೆ ಪಾಠಗಳನ್ನು ಫ್ಲ್ಯಾಶ್ ಇಲ್ಲದೆ ಬ್ರೌಸರ್‌ನಲ್ಲಿ ಓಡುವ ಎಚ್‌ಟಿಎಂಎಲ್5ಗೆ ಬದಲಿಸಿಕೊಟ್ಟೆ. ಒಟ್ಟು 212. ಕೊನೆಯದು ಮುಗಿದ ವಾರವೇ ನನ್ನ ಹುದ್ದೆಯನ್ನೂ ತೆಗೆದರು. 2021ರ ಜನವರಿ 12ರಿಂದ ಫ್ಲ್ಯಾಶ್ ಪ್ಲೇಯರ್‌ನಲ್ಲಿ ಏನೂ ಓಡಲಿಲ್ಲ. ಇಂಟರ್‌ವ್ಯೂನಲ್ಲಿ ಹಳೆ ಕೆಲಸ ತೋರಿಸಿ ಎಂದರೆ ತೆರೆಯುವಂಥ ಒಂದು ಫೈಲ್ ಇರಲಿಲ್ಲ. ಈಗ ಕೋಡ್ ಬಿಟ್ಟು ಪಾಠ ಹೆಣೆಯುವ ಕೆಲಸದಲ್ಲಿದ್ದೇನೆ.

ಆಟೊಮೇಷನ್‌ಗೆ ಹೋದವನು: ಮೇಡಂ, ಸೆಲೆನಿಯಂಗೂ ಫ್ಲ್ಯಾಶ್‌ಗೂ ಹೋಲಿಕೆ ಬೇಡ. ಇದು ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿದೆ, 2004ರಿಂದ ಇದೆ. ಒಂದು ಕಂಪನಿ ಬೇಡ ಅಂದ ಮಾತ್ರಕ್ಕೆ ಸಾಯುವುದಿಲ್ಲ.

ಫ್ಲ್ಯಾಶ್ ಕಾಲದವಳು: ನಾಲ್ಕು ವರ್ಷ ಕಸಕ್ಕೆ ಹೋಯಿತು ಎಂದು ಬರೆದವರು ನೀವೇ ಅಲ್ವಾ?

ರಾಜೀನಾಮೆ ಕೊಟ್ಟು ಕಲಿತವನು: ನಾನು ಡೇಟಾ ಕಡೆ ಹೋದೆ. ಕೆಲಸ ಮಾಡುತ್ತಾ ಕಲಿಯಲು ಆಗಲ್ಲ ಎಂದು ಮೊದಲೇ ರಾಜೀನಾಮೆ ಕೊಟ್ಟೆ. 6 ತಿಂಗಳ ಕೋರ್ಸ್. 14 ತಿಂಗಳಿಗೆ ಸಾಲುವ ಉಳಿತಾಯ ಇತ್ತು, 13ನೇ ತಿಂಗಳಲ್ಲಿ ಕೆಲಸ ಸಿಕ್ಕಿತು. 163 ಅರ್ಜಿ, 9 ಇಂಟರ್‌ವ್ಯೂ. ಕೋರ್ಸ್‌ನಲ್ಲಿ ಮಷೀನ್ ಲರ್ನಿಂಗ್‌ಗೆ ಮೂರು ತಿಂಗಳು ತಿಂದರು, ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ ಎಸ್‌ಕ್ಯೂಎಲ್‌ಗೆ ಕೊಟ್ಟಿದ್ದು 5 ದಿನ. ಒಂಬತ್ತೂ ಕಡೆ ಮೊದಲು ಕೇಳಿದ್ದು ಎಸ್‌ಕ್ಯೂಎಲ್! ಎರಡು ಟೇಬಲ್ ಜೋಡಿಸಿದರೆ ಸಾಲುಗಳು ಯಾಕೆ ಜಾಸ್ತಿ ಆದವು, ಇಂಥವು. ಹಳೆ ಸಂಬಳದ ನೂರಕ್ಕೆ 60 ಪಾಲಿಗೆ ಸೇರಿದೆ. ಮತ್ತೆ ಮೊದಲಿನ ಮಟ್ಟಕ್ಕೆ ಬರಲು ಮೂರು ವರ್ಷ ಹಿಡಿಯಿತು. ಆದರೂ ಬಿಟ್ಟಿದ್ದೇ ಸರಿ.

ಒಳಗೇ ಬದಲಾದವಳು: ದಯವಿಟ್ಟು ಯಾರಿಗೂ ಮೊದಲೇ ರಾಜೀನಾಮೆ ಕೊಡಿ ಎನ್ನಬೇಡಿ. ಮನೆ ಸಾಲದ ಕಂತು ಇರುವವರು ಏನು ಮಾಡಬೇಕು? ನಾನು ಅದೇ ಕಂಪನಿಯಲ್ಲಿ ಬಿಸಿನೆಸ್ ಅನಲಿಸ್ಟ್ ಆದೆ. ಅದೂ ಸುಲಭ ಇರಲಿಲ್ಲ. ಹಳೆ ಮ್ಯಾನೇಜರ್ ‘ಈ ರಿಲೀಸ್ ಮುಗಿಯಲಿ’ ಎಂದು 7 ತಿಂಗಳು ಬಿಡಲಿಲ್ಲ. ಅಷ್ಟೂ ದಿನ ಎರಡೂ ಕೆಲಸ ಮಾಡಿದೆ. ಅಪ್ರೈಸಲ್ ಬಂದಾಗ ಹೊಸ ಟೀಮಿನವರು ‘ನೀವು ಬಂದು ನಾಲ್ಕೇ ತಿಂಗಳು’ ಎಂದರು. ಹಳೆಯವರು ‘ನೀವು ಈಗ ನಮ್ಮವರಲ್ಲ’ ಎಂದರು. ಎಂಟು ವರ್ಷದಲ್ಲಿ ಮೊದಲ ಸಲ ಕೆಳಗಿನ ರೇಟಿಂಗ್ ಬಂತು. ಅವತ್ತು ಪಾರ್ಕಿಂಗ್‌ನಲ್ಲಿ ಕೂತು ಅತ್ತಿದ್ದೇನೆ. ಆದರೆ ಒಂದು ತಿಂಗಳೂ ಸಂಬಳ ನಿಲ್ಲಲಿಲ್ಲ.

ರಾಜೀನಾಮೆ ಕೊಟ್ಟು ಕಲಿತವನು: ನಾನು ಯಾರಿಗೂ ಕೊಡಿ ಎಂದಿಲ್ಲ, ನನ್ನ ಕಥೆ ಹೇಳಿದೆ. ನನಗೂ ಸಾಲ ಇತ್ತು. ಎಂಟು ವರ್ಷದ ಹೆಸರು ಒಂದು ರೇಟಿಂಗ್‌ಗೆ ಕಳೆದುಕೊಂಡಿದ್ದನ್ನು ಸುರಕ್ಷಿತ ದಾರಿ ಅಂತೀರಾ?

ಒಳಗೇ ಬದಲಾದವಳು: 13ನೇ ತಿಂಗಳಲ್ಲೂ ಸಿಗದಿದ್ದರೆ ಏನು ಮಾಡುತ್ತಿದ್ದಿರಿ? ಅದನ್ನೂ ಬರೆಯಿರಿ.

ಇನ್ನೊಬ್ಬ ಟೆಸ್ಟರ್: ಮೇಲಿನ ಆಟೊಮೇಷನ್ ಸರ್‌ಗೆ ಒಂದು ಮಾತು. ಎಕ್ಸ್‌ಪಾತ್ ಮುರಿದಿದ್ದು ಟೂಲ್ ತಪ್ಪಲ್ಲ. ಡೆವಲಪರ್‌ಗಳ ಕೈಲಿ ಪ್ರತಿ ಬಟನ್‌ಗೂ ಟೆಸ್ಟ್ ಐಡಿ (ಸ್ಕ್ರೀನ್ ಬದಲಾದರೂ ಬದಲಾಗದ ಹೆಸರು) ಹಾಕಿಸಿಕೊಳ್ಳಬೇಕಿತ್ತು.

ಆಟೊಮೇಷನ್‌ಗೆ ಹೋದವನು: ಎರಡು ವರ್ಷ ಕೇಳಿದೆ ಸ್ವಾಮಿ. ಪ್ರತಿ ಸಲ ಪಟ್ಟಿಯ ಕೊನೆಗೆ ತಳ್ಳಿದರು. ಸುಮ್ನೆ ದೂರದಿಂದ ತಪ್ಪು ಹುಡುಕಬೇಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಆದರೆ ಕ್ಲೇಮ್ ವಿಷಯದಲ್ಲಿ ನನಗಿರುವ 11 ವರ್ಷದ ತಿಳಿವಳಿಕೆಗೆ ಎಲ್ಲಾದರೂ ಬೆಲೆ ಇದೆಯಾ?

ಒಳಗೇ ಬದಲಾದವಳು: ನನಗೆ ಬಾಗಿಲು ತೆರೆದಿದ್ದೇ ಅದು. ಎಐ ಬರೆದ ಕೇಸ್‌ಗಳಲ್ಲಿ ನೀವು ತಿದ್ದಿದ್ದನ್ನೆಲ್ಲ ಇವತ್ತಿನಿಂದ ಒಂದು ಕಡೆ ಬರೆದಿಡಿ. ಒಂದೇ ಅಪಘಾತಕ್ಕೆ ಎರಡು ಕ್ಲೇಮ್ ಬಂದರೆ, ಪಾಲಿಸಿ ಮುಗಿದ ಮರುದಿನ ಕ್ಲೇಮ್ ಬಂದರೆ, ಇಂಥವು. ನಾನು 40 ಉದಾಹರಣೆ ತೆಗೆದುಕೊಂಡು ಹೋಗಿದ್ದೆ. ಅನಲಿಸ್ಟ್ ಟೀಮಿನವರು ಆರನೆಯದಕ್ಕೇ ಯಾವಾಗ ಸೇರುತ್ತೀರಿ ಎಂದು ಕೇಳಿದರು.

ಇನ್ನೊಬ್ಬ ಟೆಸ್ಟರ್: ಆಟೊಮೇಷನ್ ಸರ್, ಟೆಸ್ಟ್ ಐಡಿ ಎರಡು ವರ್ಷ ಕೇಳಿದೆ ಎಂದಿರಲ್ಲ, ಬಾಯಿಮಾತಲ್ಲಿ ಕೇಳಿದಿರಾ, ಬರೆದು ಟಿಕೆಟ್ (ದಾಖಲಾಗುವ ಕೋರಿಕೆ) ಹಾಕಿದ್ದಿರಾ?