ಹೊಸ ಊರಲ್ಲಿ ಒಳ್ಳೆಯ ಫ್ಯಾಮಿಲಿ ಡಾಕ್ಟರನ್ನು ಹುಡುಕುವುದು ಹೇಗೆ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾವು ಹಾಸನದಿಂದ ಬಂದು ಮೈಸೂರಿನ ವಿಜಯನಗರದಲ್ಲಿ ಮನೆ ಮಾಡಿದ್ದೇವೆ. ಅತ್ತೆಗೆ 68 ವರ್ಷ, ಬಿಪಿ, ಶುಗರ್ ಎರಡೂ ಇದೆ. ಮಗನಿಗೆ ನಾಲ್ಕು ವರ್ಷ, ಶಾಲೆಗೆ ಸೇರಿಸಿದಾಗಿನಿಂದ ಮೇಲಿಂದ ಮೇಲೆ ಶೀತ, ಜ್ವರ. ಹಾಸನದಲ್ಲಿ ಇಡೀ ಮನೆಗೆ ಒಬ್ಬರೇ ಡಾಕ್ಟರ್ ಇದ್ದರು, ನಮ್ಮ ಯಜಮಾನರನ್ನು ಚಿಕ್ಕಂದಿನಿಂದ ನೋಡಿದವರು. ಇಲ್ಲಿ ಅತ್ತೆಯ ಶುಗರಿಗೆ ಒಬ್ಬರು, ಮಂಡಿ ನೋವಿಗೆ ಒಬ್ಬರು, ಈಗ ಕಾಲು ಊತ ಅಂತ ಇನ್ನೊಬ್ಬರು. ಮಾತ್ರೆ ಜಾಸ್ತಿ ಆಗುತ್ತಲೇ ಇದೆ. ಅನುಭವ ಇರುವ ಫ್ಯಾಮಿಲಿ ಡಾಕ್ಟರನ್ನು ಹುಡುಕುವುದು ಹೇಗೆ? ಗೂಗಲ್‌ನಲ್ಲಿ ಸ್ಟಾರ್ ನೋಡಿಕೊಂಡು ಹೋಗಬಹುದಾ? ಗುಂಪಿನಲ್ಲಿರುವ ಡಾಕ್ಟ್ರು ದಯವಿಟ್ಟು ಹೇಳಿ.

ಉತ್ತರ (ಫ್ಯಾಮಿಲಿ ಡಾಕ್ಟರ್, ಮೈಸೂರು):

ನಮಸ್ಕಾರ ಅಮ್ಮ. ಯಾರಿಗಾದರೂ ಹುಷಾರು ತಪ್ಪಿದ ದಿನ ಗಡಿಬಿಡಿಯಲ್ಲಿ ಡಾಕ್ಟರನ್ನು ಹುಡುಕಬೇಡಿ. ಎಲ್ಲರೂ ಚೆನ್ನಾಗಿರುವಾಗಲೇ ಒಮ್ಮೆ ಹೋಗಿ ಬನ್ನಿ. ಹೋಗುವಾಗ ಅತ್ತೆಯವರ ಮಾತ್ರೆಗಳನ್ನೆಲ್ಲ ಸ್ಟ್ರಿಪ್ ಸಮೇತ ಒಂದು ಚೀಲಕ್ಕೆ ಹಾಕಿಕೊಳ್ಳಿ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ತಂದ ನೋವಿನ ಮಾತ್ರೆ, ಯಾರೋ ಕೊಟ್ಟ ಚೂರ್ಣ, ಯಾವುದನ್ನೂ ಬಿಡಬೇಡಿ. ಚೀಲವನ್ನು ಮೇಜಿನ ಮೇಲಿಟ್ಟು ಡಾಕ್ಟರ್ ಏನು ಮಾಡುತ್ತಾರೆ ಅಂತ ನೋಡಿ.

ಅನುಭವ ಇರುವವರು ಒಂದೊಂದೇ ಸ್ಟ್ರಿಪ್ ತೆಗೆದು ನೋಡುತ್ತಾರೆ. ಇದನ್ನು ಯಾರು ಕೊಟ್ಟರು, ಯಾವಾಗಿನಿಂದ, ಊಟಕ್ಕೆ ಮೊದಲಾ ಆಮೇಲಾ ಅಂತ ಕೇಳುತ್ತಾರೆ. ಹೊಸದನ್ನು ಬರೆಯುವ ಮೊದಲು ಹಳೆಯದರಲ್ಲಿ ಯಾವುದನ್ನು ನಿಲ್ಲಿಸಬಹುದು ಅಂತ ಯೋಚಿಸುತ್ತಾರೆ. ಚೀಲದ ಕಡೆ ತಿರುಗಿಯೂ ನೋಡದೆ ಇನ್ನೂ ನಾಲ್ಕು ಮಾತ್ರೆ ಬರೆದುಕೊಟ್ಟರೆ ಬೇರೆಯವರನ್ನು ನೋಡಿ.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣ ನೀವು ಬರೆದ ಕಾಲು ಊತವೇ. ಬಿಪಿಗೆ ಕೊಡುವ ಅಮ್ಲೋಡಿಪಿನ್ ಅನ್ನುವ ಮಾತ್ರೆಯಿಂದ ಕೆಲವರಿಗೆ ಪಾದ, ಹರಡಿನ ಹತ್ತಿರ ಊತ ಬರುತ್ತದೆ. ಅದು ಗೊತ್ತಾಗದೆ ಹೋದರೆ ಊತಕ್ಕೆ ಅಂತ ಮೂತ್ರ ಹೆಚ್ಚಿಸುವ ಮಾತ್ರೆ ಸೇರುತ್ತದೆ. ಅದರಿಂದ ಸುಸ್ತು, ತಲೆಸುತ್ತು. ಆಮೇಲೆ ತಲೆಸುತ್ತಿಗೆ ಇನ್ನೊಂದು ಮಾತ್ರೆ! ಬಿಪಿಗೇ ಕೊಡುವ ರಾಮಿಪ್ರಿಲ್, ಎನಾಲಾಪ್ರಿಲ್ ತೆಗೆದುಕೊಳ್ಳುವ ಕೆಲವರಿಗೆ ಒಣ ಕೆಮ್ಮು ಬಂದು, ತಿಂಗಳುಗಟ್ಟಲೆ ಕೆಮ್ಮಿನ ಸಿರಪ್ ಕುಡಿಯುತ್ತಿರುತ್ತಾರೆ. ಮಂಡಿ ನೋವಿಗೆ ಕೊಡುವ ಡೈಕ್ಲೋಫೆನಾಕ್ ಬಿಪಿಯನ್ನು ಏರಿಸಬಹುದು, ಊತವನ್ನೂ ತರಬಹುದು, ಕಿಡ್ನಿಗೂ ಒಳ್ಳೆಯದಲ್ಲ. ಮೂವರು ಡಾಕ್ಟರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿರುತ್ತಾರೆ. ಮೂರನ್ನೂ ಒಟ್ಟಿಗೆ ಇಟ್ಟು ನೋಡುವವರು ಇರುವುದಿಲ್ಲ, ಅಷ್ಟೇ. ಆ ಕೆಲಸಕ್ಕೇ ಫ್ಯಾಮಿಲಿ ಡಾಕ್ಟರ್ ಬೇಕಾಗಿರುವುದು.

ಅತ್ತೆಯವರ ಊತ ಮಾತ್ರೆಯಿಂದಲೇ ಬಂದದ್ದು ಅಂತ ಇಲ್ಲಿ ಕೂತು ನಾನು ಹೇಳಲಾರೆ. ಹೃದಯ, ಕಿಡ್ನಿಯ ತೊಂದರೆಯಿಂದಲೂ ಊತ ಬರುತ್ತದೆ. ಪರೀಕ್ಷೆ ಮಾಡಿಸಲೇಬೇಕು. ನೀವಾಗಿಯೇ ಬಿಪಿ ಮಾತ್ರೆ ನಿಲ್ಲಿಸಬೇಡಿ.

ಅಲ್ಲಿದ್ದಾಗ ಇನ್ನೂ ಒಂದೆರಡು ವಿಷಯ ಗಮನಿಸಿ. ಬಿಪಿ ನೋಡುವ ಮೊದಲು ಐದು ನಿಮಿಷ ಕೂರಿಸಿದರಾ? ಶುಗರ್ ಇದೆ ಅಂದಾಗ ಪಾದ ತೋರಿಸಿ ಅಂದರಾ? ಕಣ್ಣಿನ ಪರೀಕ್ಷೆ ಯಾವಾಗ ಮಾಡಿಸಿದ್ದು ಅಂತ ಕೇಳಿದರಾ? ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ಕಿಡ್ನಿಗೆ ಸಂಬಂಧಿಸಿದ ಕ್ರಿಯಾಟಿನಿನ್ ರಿಪೋರ್ಟ್ ಕೇಳಿದರೆ, ಅವರು ಸರಿಯಾದ ದಾರಿಯಲ್ಲೇ ಇದ್ದಾರೆ.

ಗೂಗಲ್ ಸ್ಟಾರ್ ನೋಡಿ, ತಪ್ಪೇನಿಲ್ಲ. ಆದರೆ ಅಲ್ಲಿ ಜನ ಬರೆಯುವುದು ಎಷ್ಟು ಹೊತ್ತು ಕಾಯಿಸಿದರು, ಎಷ್ಟು ಚೆನ್ನಾಗಿ ಮಾತಾಡಿಸಿದರು ಅನ್ನುವುದನ್ನೇ ಹೆಚ್ಚು. ಅದಕ್ಕಿಂತ ನಿಮ್ಮ ಬೀದಿಯಲ್ಲಿ ಬಹಳ ವರ್ಷದಿಂದ ಇರುವ ಹಿರಿಯರನ್ನು ಕೇಳಿ. ‘ಒಳ್ಳೆಯ ಡಾಕ್ಟರ್ ಯಾರು’ ಅಂತ ಕೇಳಬೇಡಿ, ಎಲ್ಲರೂ ಒಂದು ಹೆಸರು ಹೇಳುತ್ತಾರೆ. ‘ನಿಮ್ಮ ಶುಗರ್ ಯಾರು ನೋಡುತ್ತಾರೆ, ಎಷ್ಟು ವರ್ಷದಿಂದ?’ ಅಂತ ಕೇಳಿ. ಯಾವ ಕ್ಲಿನಿಕ್ಕಿಗೂ ಸೇರದ ಮೆಡಿಕಲ್ ಶಾಪ್ ಇದ್ದರೆ ಅಲ್ಲೂ ವಿಚಾರಿಸಿ. ಯಾರ ಚೀಟಿ ಹಿಡಿದು ಅದೇ ಜನ ವರ್ಷಗಟ್ಟಲೆ ಬರುತ್ತಾರೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಪ್ರಶ್ನೆ (ಇನ್ನೊಬ್ಬ ಸದಸ್ಯರು):

ಡಾಕ್ಟ್ರೇ, ಬರೀ ಎಂಬಿಬಿಎಸ್ ಆದವರು ಸಾಕಾ, ಎಂಡಿ ಆದವರೇ ಬೇಕಾ? ಬೋರ್ಡಿನಲ್ಲಿ ಏನೇನೋ ಅಕ್ಷರ ಇರುತ್ತದೆ, ಅರ್ಥವೇ ಆಗುವುದಿಲ್ಲ.

ಉತ್ತರ:

ಎಂಬಿಬಿಎಸ್ ಮುಗಿಸಿ ಒಂದೇ ಜಾಗದಲ್ಲಿ ಬಹಳ ವರ್ಷ ಜನರನ್ನು ನೋಡಿದವರು ಧಾರಾಳವಾಗಿ ಸಾಕು. ಅದರ ಮೇಲೆ ಫ್ಯಾಮಿಲಿ ಮೆಡಿಸಿನ್‌ನಲ್ಲಿ ಎಂಡಿ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ ಮಾಡಿದವರೂ ಇದ್ದಾರೆ. ಅದು ಮೂರು ವರ್ಷದ ಓದು, ಮಕ್ಕಳಿಂದ ಮುದುಕರವರೆಗೆ ಎಲ್ಲರನ್ನೂ ನೋಡುವ ತರಬೇತಿ. ಸಿಕ್ಕರೆ ಒಳ್ಳೆಯದೇ. ಬಿಎಎಂಎಸ್ ಅಂದರೆ ಆಯುರ್ವೇದ, ಬಿಎಚ್‌ಎಂಎಸ್ ಅಂದರೆ ಹೋಮಿಯೋಪತಿ.

ನೋಂದಣಿ ಸಂಖ್ಯೆ ಮಾತ್ರ ತಪ್ಪದೆ ನೋಡಿ. ಅಲೋಪತಿ ಡಾಕ್ಟರು ಅದನ್ನು ಕ್ಲಿನಿಕ್ಕಿನಲ್ಲಿ ಹಾಕಿರಬೇಕು, ಚೀಟಿಯ ಮೇಲೂ ಇರಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಅದು ಕರ್ನಾಟಕ ವೈದ್ಯಕೀಯ ಪರಿಷತ್ತಿನದು, ಕೆಎಂಸಿ ನಂಬರ್ ಅನ್ನುತ್ತಾರೆ. ಖಾಸಗಿ ಕ್ಲಿನಿಕ್ಕಿಗೆ ಕೆಪಿಎಂಇ ನೋಂದಣಿಯೂ ಬೇಕು, ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳಿಗಾಗಿ ಇರುವ ಕರ್ನಾಟಕದ 2007ರ ಕಾಯ್ದೆ ಅದು. ಎರಡೂ ಕಾಣಿಸದಿದ್ದರೆ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಪ್ರಶ್ನೆ (ಮತ್ತೊಬ್ಬ ಸದಸ್ಯರು):

ನಮ್ಮ ಏರಿಯಾದಲ್ಲಿ ಒಬ್ಬರು ಒಂದು ಇಂಜೆಕ್ಷನ್ ಕೊಟ್ಟರೆ ಸಾಕು, ಸಂಜೆಗೆ ಜ್ವರ ಇಳಿದಿರುತ್ತದೆ. ಅವರ ಕೈಗುಣ ಚೆನ್ನಾಗಿದೆ ಅಂತ ಜನ ಸಾಲು ನಿಲ್ಲುತ್ತಾರೆ. ಅಂಥವರು ಆಗಬಹುದಲ್ವಾ ಸರ್?

ಉತ್ತರ:

ಇಂಜೆಕ್ಷನ್ನಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಡುತ್ತಾರಾ, ಮೊದಲು ಅದನ್ನು ನೋಡಿ. ಬರೆಯದಿದ್ದರೆ ಹೋಗಬೇಡಿ. ಸ್ಟಿರಾಯ್ಡ್ ಚುಚ್ಚಿದರೂ ಜ್ವರ, ಮೈಕೈ ನೋವು ಬೇಗ ಇಳಿಯುತ್ತದೆ. ಆದರೆ ಶುಗರ್ ಇರುವವರಿಗೆ ಅದು ಶುಗರನ್ನು ಏಕ್‌ದಂ ಏರಿಸುತ್ತದೆ. ಮೇಲೆ ಕೇಳಿದ ಅಮ್ಮನವರ ಅತ್ತೆಯಂಥವರಿಗೆ ಇದು ನಿಜವಾಗಿಯೂ ಅಪಾಯ.

ಮಗುವಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಗಷ್ಟೇ ಶಾಲೆಗೆ ಸೇರಿದ ಮಗುವಿಗೆ ವರ್ಷಕ್ಕೆ ಆರೆಂಟು ಸಲ ಶೀತ ಆಗುವುದು ಮಾಮೂಲು. ಬಹುಪಾಲು ವೈರಸ್‌ನಿಂದ ಬರುವಂಥದ್ದು, ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ. ಮಗುವಿನ ಕಿವಿ, ಗಂಟಲು, ಎದೆ ನೋಡಿ, ‘ಈಗ ಆ್ಯಂಟಿಬಯಾಟಿಕ್ ಬೇಡ. ಉಸಿರಾಟ ಜೋರಾದರೆ, ನೀರು ಕುಡಿಯದಿದ್ದರೆ ತಕ್ಷಣ ಕರೆದುಕೊಂಡು ಬನ್ನಿ’ ಅನ್ನುವ ಡಾಕ್ಟರ್ ಸಿಕ್ಕರೆ ಅವರನ್ನು ಬಿಡಬೇಡಿ.

ಪ್ರಶ್ನೆ (ಮೊದಲು ಕೇಳಿದವರು):

ತುಂಬಾ ಥ್ಯಾಂಕ್ಸ್ ಸರ್. ಇನ್ನೊಂದೇ ಮಾತು. ಹತ್ತಿರದಲ್ಲಿರುವ ಸರ್ಕಾರದ ‘ನಮ್ಮ ಕ್ಲಿನಿಕ್’ಗೆ ಹೋಗಬಹುದಾ? ಹಾಸನದ ಡಾಕ್ಟರ ಹತ್ತಿರ ಏನಾದರೂ ಬರೆಸಿಕೊಂಡು ಬರಬೇಕಾ?

ಉತ್ತರ:

ಖಂಡಿತ ಹೋಗಿ ಅಮ್ಮ. 2022ರ ಡಿಸೆಂಬರ್‌ನಲ್ಲಿ ಸರ್ಕಾರ ಶುರು ಮಾಡಿದ ಕ್ಲಿನಿಕ್‌ಗಳು ಅವು. ಡಾಕ್ಟರ್ ಫೀಸು ಇಲ್ಲ, ಬಿಪಿ, ಶುಗರ್ ಮಾತ್ರೆಯೂ ಉಚಿತ. ಡಾಕ್ಟರ್ ಬದಲಾದರೆ ಹೊಸಬರಿಗೆ ಎಲ್ಲ ಮೊದಲಿನಿಂದ ಹೇಳಬೇಕಾಗುತ್ತದೆ, ಅದಕ್ಕೆ ಫೈಲು ನಿಮ್ಮ ಕೈಯಲ್ಲೇ ಇರಲಿ.

ಹಾಸನದವರಿಂದ ಒಂದು ಪುಟದಷ್ಟು ಬರೆಸಿಕೊಳ್ಳಿ. ಶುಗರ್ ಯಾವಾಗ ಶುರುವಾಯಿತು, ಯಾವ ಮಾತ್ರೆ ಒಗ್ಗಲಿಲ್ಲ, ಯಾವುದಕ್ಕೆ ಅಲರ್ಜಿ ಆಯಿತು, ಇಷ್ಟಿದ್ದರೆ ಇಲ್ಲಿನ ಡಾಕ್ಟರಿಗೆ ದೊಡ್ಡ ಉಪಕಾರ. ಅತ್ತೆಯವರು ಯಾವತ್ತಾದರೂ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದರೆ ಅಲ್ಲಿನ ಡಿಸ್ಚಾರ್ಜ್ ಸಮ್ಮರಿಯೂ ಫೈಲಿನಲ್ಲಿರಲಿ.

ಎದೆ ಬಿಗಿತ, ಒಂದು ಕೈ ಅಥವಾ ಕಾಲಿನ ಬಲ ಹೋಗುವುದು, ಮಾತು ತೊದಲುವುದು, ಇಂಥದ್ದಕ್ಕೆ ಯಾವ ಫ್ಯಾಮಿಲಿ ಡಾಕ್ಟರಿಗೂ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ನೇರ ದೊಡ್ಡ ಆಸ್ಪತ್ರೆಗೆ.

ಈಗ ಒಂದು ಕೆಲಸ ಮಾಡಿ. ಮಂಡಿ ನೋವಿನ ಮಾತ್ರೆಯ ಸ್ಟ್ರಿಪ್ ನೋಡಿ, ಹೆಸರು ಇಲ್ಲಿ ಹಾಕಿ. ಡೈಕ್ಲೋಫೆನಾಕ್ ಅಥವಾ ಅದೇ ಜಾತಿಯ ಅಸೆಕ್ಲೋಫೆನಾಕ್ ಅಂತ ಇದ್ದರೆ ಒಳ್ಳೆಯ ಡಾಕ್ಟರ್ ಸಿಗಲಿ ಅಂತ ಕಾಯಬೇಡಿ. ಅದನ್ನು ಬರೆದುಕೊಟ್ಟವರಿಗೇ ನಾಳೆ ಬೆಳಗ್ಗೆ ಫೋನ್ ಮಾಡಿ, ಕಾಲು ಊದಿದೆ, ಬಿಪಿ, ಶುಗರ್ ಇದೆ, ಮುಂದುವರಿಸಬೇಕಾ ಅಂತ ಕೇಳಿ.